ಅಸಲು ಒಂದು, ನಕಲು ಎರಡು

ಸಮಸ್ತ ಓದುಗ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ೧೯೯೭ನೇ ಇಸವಿಯಲ್ಲಿ ಸೊರಬದ ಬಸ್‌ಸ್ಟ್ಯಾಂಡ್ ಎದುರಿನ ಜಾಬ್ ಟೈಪಿಂಗ್ ಅಂಗಡಿಗೆ ಒಂದು ಪ್ರಿಂಟರ್ ಬರಲಿದೆ.

(ಇದು ಕಥೆಯ ಆರಂಭವೋ, ಡಂಗುರವೋ? ಬೇರೆ ಹೊಳೆದರೆ ಬದಲಿಸೋಣ ಅಂದುಕೊಂಡೆ. ಹೊಳೆಯಲಿಲ್ಲ.)

೧

ಅಂಗಡಿ ದೀಪಶ್ರೀಯದು. ಹಳೆಯ ಟೈಪ್‌ರೈಟರನ್ನು ಕಳೆದ ವಾರವಷ್ಟೇ ಶಿಕಾರಿಪುರದ ಹುಚ್ಚರಾಯಪ್ಪನಿಗೆ ದಾಟಿಸಿದ್ದಾಳೆ. ಬೆಂಚಿನ ಮೇಲೆ ಕುಪ್ಪಗಡ್ಡೆಯ ಹೂವಮ್ಮ. ಅವಳಿಗೆ ಮನೆ ಕಟ್ಟಲು ಸರ್ಕಾರಿ ನಿವೇಶನ ಬೇಕು. ಅರ್ಜಿಗೆ ಇವತ್ತೇ ಕೊನೆ, ಸಂಜೆ ಐದೂವರೆಯೊಳಗೆ ತಾಲೂಕು ಕಚೇರಿ ಸೇರಬೇಕು, ಕೈಬರಹ ನಡೆಯದು. ಯಾವ ಪ್ರಿಂಟರ್ ಕೊಡಿಸಬೇಕೆಂಬುದು ಲೇಖಕನಾದ ನನ್ನ ಚಿತ್ತ.

ಡಾಟ್ ಮ್ಯಾಟ್ರಿಕ್ಸ್ ಕೊಡಿಸಿದೆ. ಸೂಜಿಗಳು ರಿಬ್ಬನ್ನಿಗೆ ಕುಟ್ಟಿ ಕುಟ್ಟಿ ಅಕ್ಷರ ಮೂಡಿಸುವ ಯಂತ್ರ. ಅದು ಅರಚಿದ ರಭಸಕ್ಕೆ ನನ್ನ ಗದ್ಯದ ಲಯವೇ ಕೆಟ್ಟಿತು.

"ಇದ್ಯಾಕ್ ತಂಗಿ, ಹಂದಿ ಹಿಡ್ದಂಗೆ ಕೂಗ್ತದೆ?" ಎಂದು ಹೂವಮ್ಮ ಎದ್ದು ನಿಂತಳು.

ಆ ಪುಟ ಹರಿದೆ.

೧, ಎರಡನೇ ಸಲ

ಇಂಕ್‌ಜೆಟ್. ಸಂಭಾವಿತ. ಸದ್ದಿಲ್ಲದೆ ಶಾಯಿ ಚಿಮುಕಿಸಿ ಬರೆಯುತ್ತದೆ. ಹೂವಮ್ಮ ಹೆಬ್ಬೆಟ್ಟು ಒತ್ತಿದಳು. ಬೆವರಿದ ಅಂಗೈ ತಗುಲಿ ಅವಳ ಹೆಸರೇ ಕರಗಿ ಕಪ್ಪು ನೀರಾಯಿತು. ಈಗಷ್ಟೇ ಅರ್ಜಿದಾರಳಾಗಿದ್ದವಳು ಕಲೆಯಾಗಿದ್ದಳು.

"ನಾನೇ ಹೋದ್ನಲ್ಲೇ," ಅಂದಳು ಹೂವಮ್ಮ.

ದೀಪಶ್ರೀ ನನ್ನತ್ತ ತಿರುಗಿದಳು. "ರೀ ಕಥೆಗಾರ್ರೇ, ಪ್ರಿಂಟರ್ ಆರಿಸ್ತಿದ್ದೀರೋ, ನಮ್ಮನ್ನ ಗೋಳು ಹುಯ್ಕೊಳ್ತಿದ್ದೀರೋ?"

೩

(೨ ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಬರೀ ವರ್ಣನೆಯಿತ್ತು.)

ಲೇಸರ್. ಶಾಯಿಯ ಪುಡಿಯನ್ನು ಕಾಗದಕ್ಕೆ ಬಿಸಿಯಲ್ಲಿ ಬೆಸೆಯುತ್ತದೆ, ಬೆವರಿಗೆ ಜಗ್ಗದು. ಮೂರು ಪ್ರತಿ, ಒಂದಕ್ಕಿಂತ ಒಂದು ಲಕಲಕ. ಸುಖಾಂತ್ಯವನ್ನು ಮೊದಲೇ ಬರೆದು ಜೇಬಿನಲ್ಲಿಟ್ಟುಕೊಂಡು ಅವರ ಹಿಂದೆ ಕಚೇರಿಗೆ ಹೋದೆ.

ಕೌಂಟರಿನ ಗುಮಾಸ್ತ ಶೇಷಪ್ಪ ಮೂರನ್ನೂ ಬೆಳಕಿಗೆ ಹಿಡಿದ. ಮಗುಚಿದ. ಬೆರಳಿನಿಂದ ಉಜ್ಜಿದ.

"ಅಸಲು ಯಾವ್ದಮ್ಮ?"

"ಮೂರೂ ಅಸಲೇ ಸರ್," ಅಂದಳು ದೀಪಶ್ರೀ.

"ಅಸಲು ಒಂದು, ಕಾರ್ಬನ್ ನಕಲು ಎರಡು ಅಂತಿದೆ ರೂಲು. ಮೂರೂ ಅಸಲು ತಂದ್ರೆ ನಕಲು ನಾನ್ ಎಲ್ಲಿಂದ ತರ್ಲಿ?"

"ನಕಲಿಗಿಂತ ಚೆನ್ನಾಗೇ ಇದಾವಲ್ಲ ಸರ್."

"ಅದೇ ತಕರಾರು. ನಕಲು ಅಂದ್ಮೇಲೆ ಸ್ವಲ್ಪ ಮಂಕಾಗಿರ್ಬೇಕು."

ಅರ್ಜಿ ದಾಖಲಿಸುವ ಪುಸ್ತಕದಲ್ಲಿ ಹೂವಮ್ಮನ ಹೆಸರಿನ ಮುಂದೆ 'ವಾಪಸ್' ಎಂದು ಬರೆದು ಕಾಗದಗಳನ್ನು ಹಿಂದಕ್ಕೆ ತಳ್ಳಿದ. ನಾನು ದಂಗಾದೆ. (ಅಸಲು ಯಾವುದು, ನಕಲು ಯಾವುದು ಎಂಬ ಭೇದವೇ ಇಲ್ಲವೆಂದು ನಾನು ಸೆಮಿನಾರಿನಲ್ಲಿ ಭಾಷಣ ಮಾಡಿ ಶಾಲು ಹೊದ್ದವನು.)

೪. ಅಂತ್ಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ

ಅ) ಶೇಷಪ್ಪನ ಮನಸ್ಸು ಕರಗುತ್ತದೆ. ("ನೀವ್ ಬರ್ಕೊಂಡ್ರೆ ನಾನ್ ಸೀಲ್ ಹೊಡೀಬೇಕಾ?" ಎಂದ ಶೇಷಪ್ಪ. ಆ ವಾಕ್ಯವನ್ನೇ ಹೊಡೆದು ಹಾಕಿದೆ.)

ಆ) ಕಚೇರಿಯ ಗಡಿಯಾರ ನಿಲ್ಲಿಸುತ್ತೇನೆ. ("ಅದು ಹೋದ್ ವರ್ಷಾನೇ ನಿಂತಿದೆ ರೀ. ನಾನ್ ನೋಡೋದು ನನ್ ವಾಚು.")

ಇ) ಮಹಾಯೋಜನೆ. ಕಥೆಯನ್ನೇ ಹಿಂದಕ್ಕೆ ಓಡಿಸಿ ಡಾಟ್ ಮ್ಯಾಟ್ರಿಕ್ಸ್ ಕೊಡಿಸುವುದು. ಅರಚಿದರೆ ಅರಚಲಿ, ಸೂಜಿ ಕುಟ್ಟಿದರೆ ತಾನೇ ಕಾರ್ಬನ್ ಒತ್ತುವುದು?

ಹಾಗೇ ಮಾಡಿದೆ. ಅಸಲು ಒಂದು, ಮಂಕು ನಕಲು ಎರಡು, ಐದೂಕಾಲಿಗೆ ಕೌಂಟರಿನ ಮೇಲೆ. ಶೇಷಪ್ಪ ತಲೆದೂಗಿ ಪುಸ್ತಕ ತೆರೆದ. ಕೈ ಅಲ್ಲೇ ನಿಂತಿತು.

"ಹೂವಮ್ಮ ಕೋಂ ಕೆಂಪಪ್ಪ, ಕುಪ್ಪಗಡ್ಡೆ. ಆಗ್ಲೇ ವಾಪಸ್ ಅಂತ ಎಂಟ್ರಿ ಆಗಿದೆಯಲ್ಲ. ಒಬ್ರಿಗೆ ಒಂದೇ ಅರ್ಜಿ."

"ಅದು ಹಳೇ ಡ್ರಾಫ್ಟ್ ರೀ. ಬಿಟ್ಟಾಕಿದೀನಿ," ಅಂದೆ.

"ನಿಮ್ ಡ್ರಾಫ್ಟ್ ಎಷ್ಟಾದ್ರೂ ಇರ್ಲಿ. ನಮ್ ಪುಸ್ತಕ ಒಂದೇ."

ಬಗ್ಗಿ ನೋಡಿ ಹೌಹಾರಿದೆ. ನಾನು ಬರೆದದ್ದೇ, ಅವನ ಕೈಬರಹದಲ್ಲಿ, ಶಾಯಿ ಒಣಗಿ ಕೂತಿದೆ.

"ಬರ್ದೋರು ನೀವೇ ಅಲ್ವಾ?" ಹೂವಮ್ಮ ಕೇಳಿದಳು. "ಅಳ್ಸಿ ಮತ್ತೆ."

"ಆಗಲ್ಲಮ್ಮ," ಅಂದೆ.

"ಹಂಗಾರೆ ನಾ ಇಲ್ಲಿಂದ ಕದ್ಲಲ್ಲ."

ಈಗ ಐದೂ ಇಪ್ಪತ್ತೊಂಬತ್ತು, ಶೇಷಪ್ಪ ಬೀಗ ಹಿಡಿದು ನನ್ನ ವಾಕ್ಯ ಮುಗಿಯಲೆಂದು ಕಾಯುತ್ತಿದ್ದಾನೆ, ಹೂವಮ್ಮ ಕೌಂಟರಿನ ಕಂಬಿ ಬಿಡುತ್ತಿಲ್ಲ, ಪೂರ್ಣವಿರಾಮ ಇಟ್ಟೆನೋ ಬಾಗಿಲು ಬಿತ್ತೆಂದೇ ಲೆಕ್ಕ, ಅದಕ್ಕೇ ದೀಪಶ್ರೀ ನನ್ನ ಪೆನ್ನು ಹಿಡಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು "ಬರೀತಾ ಇರಿ" ಅನ್ನುತ್ತಿದ್ದಾಳೆ, ನಾನು ಬರೆಯುತ್ತಾ ಇದ್ದೇನೆ, ಮತ್ತು