ಸಣ್ಣಕ್ಷರದ ಇಂಗ್ಲಿಷ್

ಹಸಿ ಅಂಟಿನ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ಅಕ್ಕನಿಗೆ ಇವತ್ತಿಗೂ ಬೆನ್ನು ನೆಟ್ಟಗೆ ಮಾಡಿ ಕೂರಬೇಕೆನಿಸುತ್ತದೆ. ಅವಳ ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಹಿಟ್ಟು ಕುದಿಸಿದ ಅಂಟನ್ನು ಬಳಿದು, ಹಲಗೆ ಇಟ್ಟು, "ಬಾ ಮಗಳೇ, ಭಾರ ಹಾಕು" ಎಂದು ಅವಳನ್ನು ಮೇಲೆ ಕೂರಿಸುತ್ತಿದ್ದರು. ಎಂಟು ತುಂಬುವ ಹೊತ್ತಿಗೆ ಅವಳು ಹತ್ತಾರು ಇಂಗ್ಲಿಷ್ ನಿಘಂಟುಗಳ ಮೇಲೆ ಕೂತಾಗಿತ್ತು. ಒಂದರ ಒಳಗೂ ಇಣುಕಿರಲಿಲ್ಲ.

ಈಗ ಐವತ್ತೆರಡಕ್ಕೆ ಇಂಗ್ಲಿಷ್ ಬೇಕಾಗಿತ್ತು. ಅದೂ ಶನಿವಾರದೊಳಗೆ.

ಅಕ್ಕ ಕೆಲಸ ಮಾಡುವುದು ಕಣ್ಣಿನ ಡಾಕ್ಟರಮ್ಮನ ಕನ್ನಡಕದ ಅಂಗಡಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಅವಳ ಜಾಗ ಪರದೆಯ ಹಿಂದೆ. ಅಲ್ಲಿ ಇರುವುದು ಇಬ್ಬರೇ: ಗಾಜಿಗೆ ಸಾಣೆ ಹಿಡಿಯುವ ಮಾವ, ಆ ಗಾಜನ್ನು ಒರೆಸಿ ಫ್ರೇಮಿಗೆ ಕೂರಿಸುವ ಅಕ್ಕ. ಅವರಿಬ್ಬರಿಗೆ ನೆಂಟಸ್ತಿಕೆಯೇನಿಲ್ಲ. ಯಾರೋ ಎಂದೋ ಹಾಗೆ ಕರೆದರು, ಹೆಸರು ಉಳಿದುಕೊಂಡಿತು.

ಪರದೆಯ ಆಚೆ ಕಣ್ಣಿನ ಪರೀಕ್ಷೆ. ಬಂದವರು ಡಾಕ್ಟರಮ್ಮನ ಕೋಣೆಗೆ ಹೋಗುವ ಮೊದಲು ಅವರನ್ನು ಕೂರಿಸಿ, ಕಾರ್ಡು ಕೊಟ್ಟು ಓದಿಸಿ, ಎಲ್ಲಿ ತಡವರಿಸಿದರೆಂದು ಬರೆದುಕೊಳ್ಳಲು ಒಬ್ಬರು ಬೇಕು. ಆ ಕೆಲಸದಲ್ಲಿದ್ದವರು ಬಿಟ್ಟುಹೋಗಿದ್ದರು. ಎದುರಿಗೆ ಹತ್ತು ಮಹಡಿಯ ಆಫೀಸು ಎದ್ದು, ನಾನಾ ದೇಶದ ಜನ ಮೆಟ್ಟಿಲು ಹತ್ತತೊಡಗಿದ್ದರು.

"ಆ ಕುರ್ಚಿ ನಂಗೆ ಕೊಡಿ ಅಮ್ಮಾ," ಎಂದು ಅಕ್ಕ ಕೇಳಿಯೇಬಿಟ್ಟಿದ್ದಳು. "ಇಷ್ಟು ವರ್ಷ ಜನರ ಕನ್ನಡಕ ನೋಡಿದೀನಿ. ಮುಖ ನೋಡಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಂಗ್ಲಿಷ್ ಬೇಕಲ್ಲ ಅಕ್ಕಾ. ಶನಿವಾರ ಒಂದಿನ ಕೂತ್ಕೊಳ್ಳಿ, ನೋಡೋಣ. ಆಗ್ಲಿಲ್ಲ ಅಂದ್ರೆ ಪೇಪರ್‌ಗೆ ಜಾಹೀರಾತು ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಅಕ್ಕನಿಗೆ ಇಂಗ್ಲಿಷ್ ಏನೇನೂ ಗೊತ್ತಿಲ್ಲವೆನ್ನುವಂತಿರಲಿಲ್ಲ. ಓದಿಸುವ ಕಾರ್ಡು ಅವಳಿಗೆ ಬಾಯಿಪಾಠ. ಒಬ್ಬ ಮುದುಕ, ಅವನ ಗಾರ್ಡನ್, ಲ್ಯಾಂಪ್ ಹಿಡಿದು ಬರುವ ನೇಬರ್, ಹೀಗೆ ನಾಲ್ಕು ಪ್ಯಾರಾ. ಮೊದಲನೆಯದು ಅವರೆಕಾಳಿನಷ್ಟು ದಪ್ಪಕ್ಷರದಲ್ಲಿ. ಇಳಿಯುತ್ತ ಇಳಿಯುತ್ತ ನಾಲ್ಕನೆಯದು ಇರುವೆ ಸಾಲು. ಪರದೆಯಾಚೆ ಸಾವಿರಾರು ಜನ ಓದಿದ್ದನ್ನು ಕೇಳಿ ಕೇಳಿ ಕಲಿತದ್ದು. ತೊಂದರೆಯೆಂದರೆ, ಓದಿದವರೆಲ್ಲ ಕಣ್ಣು ಮಂಜಾದವರು. ದಪ್ಪಕ್ಷರವನ್ನು ಗಟ್ಟಿಯಾಗಿ ಓದಿ, ಸಣ್ಣಕ್ಷರಕ್ಕೆ ಬಂದೊಡನೆ ದನಿ ತಗ್ಗಿಸಿ, ಎಳೆದು, ಅಂದಾಜಿನಲ್ಲಿ ಮುಗಿಸುತ್ತಿದ್ದರು. ಅಕ್ಕನೂ ಹಾಗೇ ಕಲಿತಳು. 'ಗಾರ್ಡನ್' ಎನ್ನುವಾಗ ಸಂತೆಯಲ್ಲಿ ಕೂಗಿದಂತೆ. ನಾಲ್ಕನೇ ಪ್ಯಾರಾದ ಮಾತೆಲ್ಲ ಕಿವಿಯಲ್ಲಿ ಗುಟ್ಟು ಹೇಳಿದಂತೆ.

"ನಿನ್ನ ಇಂಗ್ಲಿಷಿಗೇ ಒಂದು ಕನ್ನಡಕ ಹಾಕಿಸ್ಬೇಕು ನೋಡಮ್ಮ," ಎಂದ ಮಾವ ಸಾಣೆಯಿಂದ ತಲೆ ಎತ್ತದೆ.

"ನೀವು ಸಾಣೆ ಹಿಡಿದುಕೊಡಿ ಮಾವ, ನಾನೇ ಕೂರಿಸ್ಕೋತೀನಿ."

ಫ್ರೇಮು ಮುರಿದುಕೊಂಡು ಬಂದ ನಿವೃತ್ತ ಟೀಚರೊಬ್ಬರು ಆ ವಾರ ಮೂರು ಸಂಜೆ ಸುಮ್ಮನೆ ಬಂದು ಕೂತರು. ಕಾರ್ಡಿನ ಒಂದೊಂದು ಮಾತಿಗೂ ಅರ್ಥ ಹೇಳಿದರು, ನಾಲಿಗೆ ಹಲ್ಲಿಗೆಲ್ಲಿ ತಾಗಬೇಕೆಂದು ತೋರಿಸಿದರು. 'ನೆವರ್‌ದಲೆಸ್' ಎಂದರೆ 'ಆದರೂ' ಎಂದು ತಿಳಿದಾಗ ಅಕ್ಕ ಬೆರಗಾದಳು.

"ಅಷ್ಟೇನಾ ಟೀಚರ್? ಇಷ್ಟುದ್ದ ಇದೆ, ಏನೋ ದೊಡ್ಡ ಕಾಯಿಲೆ ಹೆಸರು ಅಂದ್ಕೊಂಡಿದ್ದೆ."

"ಅರ್ಥ ತಿಳಿದ್ರೆ ಅರ್ಧ ಆಯ್ತು ಅಷ್ಟೇ. ಎಲ್ಲಾದರೂ ಬಳಸಬೇಕು. ಆಗ ನಿಮ್ಮದಾಗುತ್ತೆ."

ಶನಿವಾರ ಅಕ್ಕ ಮುಂದಿನ ಕುರ್ಚಿಯಲ್ಲಿ ಕೂತಳು. ಡಾಕ್ಟರಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೊದಲು ಬಂದವರು ಎದುರಿನ ಆಫೀಸಿನ ಇಬ್ಬರು. ಒಬ್ಬರಾದ ಮೇಲೊಬ್ಬರು ಕಾರ್ಡನ್ನು ಗಟ್ಟಿಯಾಗಿ ಓದಿದರು. ಬೆಂಚಿನ ಮೇಲೆ ಸರದಿ ಕಾಯುತ್ತ, ಕೇಳುತ್ತ ಕೂತಿದ್ದವನು ಅದೇ ಕಟ್ಟಡದ ಲಿಫ್ಟ್ ಮೆಕ್ಯಾನಿಕ್. ದೂರದ ದೇಶದವನು, ತಲೆ ನರೆತವನು, ಆಫೀಸಿನವರು ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಕಳಿಸಿದ್ದರು.

ಅವನ ಸರದಿ ಬಂತು. ಕಾರ್ಡು ಹಿಡಿದು ನಾಲ್ಕು ಪ್ಯಾರಾವನ್ನೂ ಗಡಗಡ ಓದಿಬಿಟ್ಟ. ಅಕ್ಕನ ಪೆನ್ನು ಮಾತ್ರ ಕಾಗದದ ಮೇಲೆ ಇಳಿಯಲಿಲ್ಲ. ಈಗಷ್ಟೇ ಓದಿದವರು ಕೆಮ್ಮಿದ ಜಾಗದಲ್ಲಿ ಇವನೂ ನಿಂತ, ಅವರು ಬಿಟ್ಟ ಸಾಲನ್ನು ಇವನೂ ಬಿಟ್ಟ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ಕಣ್ಣಿನಿಂದಲ್ಲ, ಕಿವಿಯಿಂದ ಓದುತ್ತಿದ್ದಾನೆ ಎಂಬುದು ಅಕ್ಕನಿಗಲ್ಲದೆ ಇನ್ಯಾರಿಗೆ ತಿಳಿದೀತು?

ಹಾಗೆಂದು ಮುಖಕ್ಕೆ ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ದೀಪವನ್ನು ಹತ್ತಿರಕ್ಕೆಳೆದು, "ಲ್ಯಾಂಪ್. ನಾಟ್ ಗುಡ್," ಎಂದು ತಪ್ಪನ್ನು ದೀಪದ ತಲೆಗೆ ಕಟ್ಟಿದಳು. ಕಾರ್ಡನ್ನು ಹಿಂದುಮುಂದಾಗಿಸಿ ಕೊಟ್ಟಳು. ಆ ಬದಿಯಲ್ಲಿ ಬೇರೆ ಕತೆಯಿತ್ತು.

ಅವನು ಅದನ್ನೇ ನೋಡುತ್ತ ಕೂತ. ತುಟಿ ಅಲುಗಲಿಲ್ಲ. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ, "ಮೈ ಜಾಬ್," ಎಂದ.

ಕಣ್ಣು ಮಂಜೆಂದು ಗೊತ್ತಾದರೆ ಕೆಲಸ ಹೋದೀತೆಂಬ ಭಯ ಅವನಿಗೆ ಎಂದು ಅಕ್ಕನಿಗೆ ಹೊಳೆಯಿತು. ಹೆದರಬೇಡಪ್ಪ, ಕನ್ನಡಕ ಹಾಕಿಕೊಂಡರೆ ಎಲ್ಲ ಸರಿಹೋಗುತ್ತೆ ಎನ್ನಬೇಕು. ಭಯಕ್ಕಾಗಲಿ ಧೈರ್ಯಕ್ಕಾಗಲಿ ಕಾರ್ಡಿನಲ್ಲಿ ಮಾತೇ ಇರಲಿಲ್ಲ. ಇದ್ದುದರಲ್ಲೇ ಹುಡುಕಿದಳು.

"ಐ ಆ್ಯಮ್ ನೇಬರ್," ಎಂದು ತುಟಿಯ ಮೇಲೆ ಬೆರಳಿಟ್ಟಳು. "ಕ್ವಯಟ್." ತನ್ನ ಕನ್ನಡಕವನ್ನು ಮುಟ್ಟಿ ತೋರಿಸಿದಳು. "ಮೈ ಐಸ್, ನಾಟ್ ಗುಡ್." ಒಂದು ಉಸಿರು ತೆಗೆದುಕೊಂಡು, ನಾಲಿಗೆಯನ್ನು ಹಲ್ಲಿಗೆ ತಾಗಿಸಿ, ದಪ್ಪಕ್ಷರದ ದನಿಯಲ್ಲಿ ಹೇಳಿದಳು: "ನೆವರ್‌ದಲೆಸ್, ಐ ವರ್ಕ್."

ಮೆಕ್ಯಾನಿಕ್ ಅವಳ ಕನ್ನಡಕವನ್ನು ನೋಡಿದ. ಆಮೇಲೆ ನಕ್ಕ. ಕಾರ್ಡನ್ನು ದೂರ ಹಿಡಿದು, ಕಂಡಷ್ಟನ್ನೇ ಓದಿದ. ಎರಡನೇ ಪ್ಯಾರಾದ ಕೊನೆಯಲ್ಲಿ ನಿಂತು, ಇನ್ನಾಗದು ಎಂದು ತಲೆಯಾಡಿಸಿದ. ಅಕ್ಕ ಬರೆದುಕೊಂಡಳು.

ಡಾಕ್ಟರಮ್ಮ ಅವನನ್ನು ಒಳಗೆ ಕರೆದು ಪರೀಕ್ಷಿಸಿ, ಕನ್ನಡಕ ಹಾಕಿಕೊಂಡರೆ ದೃಷ್ಟಿ ಪೂರ್ತಿ ಸರಿಯಿದೆ ಎಂದು ಅವನ ಕಾಗದದಲ್ಲಿ ಬರೆದುಕೊಟ್ಟರು. ಅವನು ಹೋದ ಮೇಲೆ ಹೊರಗೆ ಬಂದು ಅಕ್ಕನನ್ನೂ ಅವಳ ಕಾಲನ್ನೂ ನೋಡಿದರು.

"ಮಾವಾ," ಎಂದು ಪರದೆಯ ಕಡೆ ಕೂಗಿದರು. "ಈ ಕುರ್ಚಿ ಸ್ವಲ್ಪ ತಗ್ಗಿಸಿ. ಅಕ್ಕನ ಕಾಲು ನೆಲಕ್ಕೆ ಎಟುಕ್ತಿಲ್ಲ. ದಿನಾ ಹೀಗೇ ಕೂತ್ರೆ ಮಂಡಿ ಹಿಡ್ಕೊಳ್ಳುತ್ತೆ."

ದಿನಾ. ಅಕ್ಕ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಅಂದುಕೊಂಡಳು.

"ಜಾಹೀರಾತು ಅಮ್ಮಾ?"

"ಅದನ್ನ ಬರ್ದೇ ಇಲ್ಲ. ವಾರಕ್ಕೆ ಹತ್ತು ಹೊಸ ಮಾತು ಕಲೀಬೇಕು, ಕಾರ್ಡಿನಲ್ಲಿ ಇಲ್ಲದ್ದು. ಆಯ್ತಾ?"

ಸ್ಪ್ಯಾನರ್ ಹಿಡಿದು ಬಂದ ಮಾವ ನೆಲದ ಮೇಲೆ ಕೂತು ತಿರುಪು ತಿರುಗಿಸಿದ. "ಇನ್ನು ನನ್ನ ಹತ್ರ ಇಂಗ್ಲಿಷ್‌ನಲ್ಲೇ ಜಗಳ ಆಡ್ತೀಯೇನೋ," ಎಂದು ಗೊಣಗಿ ಒಳಗೆ ಹೋದ.

ಮೆಕ್ಯಾನಿಕ್ ಸುಮ್ಮನಿರಲಿಲ್ಲ. ಹನ್ನೆರಡಕ್ಕೆ ತನ್ನ ಜೊತೆಯವರಲ್ಲಿ ಆರು ಜನರನ್ನು ಅಟ್ಟಿದ. ಇವಳ ಹತ್ತಿರ ಹೆದರಬೇಕಾಗಿಲ್ಲ ಎಂದಿದ್ದನೇನೋ, ಎಲ್ಲರೂ ಅಕ್ಕನನ್ನೇ ಹುಡುಕಿಕೊಂಡು ಬಂದು ಬೆಂಚಿನ ತುಂಬ ಕೂತರು. ಅಕ್ಕ ಒಬ್ಬೊಬ್ಬರ ಮುಖವನ್ನೂ ಕಣ್ತುಂಬ ನೋಡುತ್ತ ಓದಿಸಿದಳು. ಗಂಟೆ ಒಂದಾಯಿತು, ಎರಡಾಯಿತು. ಊಟದ ನೆನಪೇ ಅವಳಿಗೆ ಬರಲಿಲ್ಲ.

ಎರಡೂವರೆಗೆ ಪರದೆ ಸರಿಯಿತು. ಒಂದು ಗಂಟೆ ಹೊಡೆಯುವುದನ್ನೇ ಕಾದು ತುತ್ತೆತ್ತುವ ಮಾವ, ತನ್ನ ಬುತ್ತಿಯಲ್ಲಿ ಅರ್ಧವನ್ನು ಮುಚ್ಚಳಕ್ಕೆ ಬಡಿಸಿ ತಂದಿದ್ದ. ಅಕ್ಕನ ಕೈಯಿಂದ ಕಾರ್ಡು ತೆಗೆದುಕೊಂಡು, ಆ ಕೈಗೆ ಮುಚ್ಚಳವನ್ನು ಇಟ್ಟು, ಸಾಣೆಯ ಬಳಿಗೆ ಹೋದ.