ಹತ್ತು ಗಜದ ಸರಪಳಿ

"ನಿಧಾನ ಕಣ್ರೋ, ನಾನು ಹಿಮ್ಮುಖ ಇಳೀತಿದೀನಿ!" ಎಂದು ಗಸ್ ಗದರಿದ. ಚರ್ಚಿನ ಮೆಟ್ಟಿಲ ಮೇಲೆ ಶವಪೆಟ್ಟಿಗೆ ಒಂದು ಕಡೆಗೆ ವಾಲಿತು. ಹೊತ್ತವರಲ್ಲಿ ನಾಲ್ವರು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹುಡುಗರು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದವರು. ಕರಿ ಕೋಟಿನ ಕೆಳಗಿಂದ ಹಸಿರು ಜೆರ್ಸಿ ಇಣುಕುತ್ತಿತ್ತು. ಮಧ್ಯಾಹ್ನ ಅವರಿಗೆ ಈ ಸೀಸನ್ನಿನ ಕಡೆಯ ಪಂದ್ಯ.

"ಈ ವರ್ಷ ಒಂದೂ ಗೆದ್ದಿಲ್ಲ ನೀವು. ಸಿಕ್ಕಿದ ಚೆಂಡನ್ನೆಲ್ಲ ಕೈಬಿಟ್ರಿ. ಇದನ್ನಾದ್ರೂ ಗಟ್ಟಿಯಾಗಿ ಹಿಡ್ಕೊಳ್ರಪ್ಪ."

ಒಬ್ಬ ಹುಡುಗ ನಕ್ಕುಬಿಟ್ಟು, ತಕ್ಷಣ ತುಟಿ ಕಚ್ಚಿಕೊಂಡ.

ಟ್ರೆಂಟ್ ನಗಲಿಲ್ಲ. ಪೆಟ್ಟಿಗೆಯೊಳಗಿದ್ದವನು ಅವನ ಅಪ್ಪ, ಎಲ್ಡನ್ ಕ್ರೂಗರ್. ವಾರವೆಲ್ಲ ದನದ ಮೇವಿನ ಗಿರಣಿಯಲ್ಲಿ ದುಡಿದು, ಶನಿವಾರ ಕಾಲೇಜು ಮೈದಾನದ ಅಂಚಿನಲ್ಲಿ ಸರಪಳಿ ಹಿಡಿದು ನಿಲ್ಲುತ್ತಿದ್ದ. ಚೆಂಡನ್ನು ಹತ್ತು ಗಜ ಮುಂದೊಯ್ದ ತಂಡಕ್ಕೆ ಚೆಂಡನ್ನು ತನ್ನ ಬಳಿಯೇ ಉಳಿಸಿಕೊಂಡು ಆಡುವ ಹಕ್ಕು. ಆ ಹತ್ತು ಗಜವನ್ನು ಅಳೆಯುವುದು ಆ ಸರಪಳಿ. ಅದರ ಎರಡು ತುದಿಗೂ ಕಿತ್ತಳೆ ಬಣ್ಣದ ಕೋಲು. ಹಿಂದಿನ ಕೋಲು ಗಸ್‌ನದು, ಮುಂದಿನದು ಎಲ್ಡನ್‌ನದು.

ಮಣ್ಣು ಮುಗಿಸಿ ಬಂದವರು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕುಳಿತರು. ತಾಯಿ ವರ್ನಾ ಟ್ರೆಂಟ್‌ನ ತಟ್ಟೆಗೆ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ ಬಡಿಸಿದಳು.

"ಪಂದ್ಯ ಮುಗಿಯೋವರೆಗೂ ಇರೋ. ಅಪ್ಪನ ಕೋಲು ನೀನು ಹಿಡಿ."

"ಬೇರೆ ಯಾರಾದ್ರೂ ಹಿಡೀತಾರಮ್ಮ. ನಾನು ಓಮಾಹಾಕ್ಕೆ ವಾಪಸ್ ಹೊರಡ್ತೀನಿ."

"ಮಣ್ಣು ಹಾಕಿ ಬಂದ ಮೇಲೂ ಬಿಡಲ್ವೇನೋ ನಿನ್ನ ಸಿಟ್ಟನ್ನ?"

ಅವನು ಆಲೂಗಡ್ಡೆಯನ್ನು ತಟ್ಟೆಯ ಒಂದು ಬದಿಗೆ ಸರಿಸಿದ.

•

ಟ್ರೆಂಟ್ ಇದೇ ತಂಡಕ್ಕೆ ಆಡಿದವನು. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ಕೊನೆಯ ವರ್ಷ, ಕೆಸರೆದ್ದ ಮೈದಾನದಲ್ಲಿ, ಹೇಗೋ ಚೆಂಡು ಅವನ ಕೈಗೆ ಬಂತು. ಇಬ್ಬರನ್ನು ಕೊಡವಿಕೊಂಡು ಓಡಿ, ಅಂಕ ತರುವ ಕೊನೆಯ ಗೆರೆ ದಾಟಿ ಬಿದ್ದ. ಎದ್ದವನೇ ಅಪ್ಪನ ಕಡೆ ತಿರುಗಿ ಚೆಂಡನ್ನೆತ್ತಿ ತೋರಿಸಿದ.

ಎಲ್ಡನ್ ಕೋಲಿನ ಜೊತೆ ಇನ್ನೊಂದು ಕೋಲಿನಂತೆ ನಿಂತಿದ್ದ.

ರಾತ್ರಿ ಊಟಕ್ಕೆ ಕುಳಿತಾಗ ಟ್ರೆಂಟ್ ಕೇಳಿದ: "ಒಂದು ಕೈ ಎತ್ತೋಕೂ ಆಗ್ಲಿಲ್ವಾ ಅಪ್ಪ?"

"ಸರಪಳಿ ಹಿಡಿದೋನು ಯಾರ ಕಡೆಯವನೂ ಅಲ್ಲ ಕಣೋ. ಕೂಗಬಾರದು ಅಂತ ನಿಯಮ," ಎಂದು ಎಲ್ಡನ್ ಬಟಾಣಿಯ ಬಟ್ಟಲಿಗೆ ಕೈ ಚಾಚಿದ.

ಆ ಸೀಸನ್ ಮುಗಿದ ಮೇಲೆ ಟ್ರೆಂಟ್ ಆ ಮೈದಾನಕ್ಕೆ ಕಾಲಿಡಲಿಲ್ಲ. ಹಬ್ಬಕ್ಕೆ ಬಂದರೂ ಅಪ್ಪನೊಡನೆ ಆಡುತ್ತಿದ್ದುದು ಎರಡೇ ಮಾತು.

•

"ಕೂತ್ಕೋಬಹುದಾ?" ಕೆಂಪು ಟೈ ಕಟ್ಟಿದ್ದ ಮುದುಕನೊಬ್ಬ ಕುರ್ಚಿ ಎಳೆದುಕೊಂಡ.

"ಬಂದ ನೋಡು ಶತ್ರು," ಎಂದ ಗಸ್. "ವೆಂಡೆಲ್ ಅಂತ. ಆ ಕಾಲದಲ್ಲಿ ಎದುರು ತಂಡದ ಕೋಚು. ಸಾವಿನ ಮನೆಗೂ ಅವರ ಬಣ್ಣಾನೇ ಕಟ್ಕೊಂಡು ಬಂದಿದಾನೆ."

"ಇರೋದು ಇದೊಂದೇ ಟೈ ಮಾರಾಯ." ವೆಂಡೆಲ್ ಟ್ರೆಂಟ್‌ನತ್ತ ತಿರುಗಿದ. "ಸರಪಳಿಯವರು ನಿಲ್ಲೋದು ನಮ್ಮ ತಂಡದ ಬೆಂಚಿನ ಮುಂದೆ ಅಲ್ವಾ, ಅದಕ್ಕೇ ವರ್ಷವರ್ಷವೂ ನಿಮ್ಮಪ್ಪನ ಬೆನ್ನೇ ನೋಡಿದೀನಿ. ನೀನು ಕೆಸರಲ್ಲಿ ಗೆರೆ ದಾಟಿದ್ಯಲ್ಲ, ಆವತ್ತು ರೆಫರಿ ಸರಪಳಿ ತೆಗೀರಿ ಅಂತ ಕೈ ಬೀಸ್ತಾನೇ ಇದ್ದ. ನಿಮ್ಮಪ್ಪ ಅಲುಗಾಡಲಿಲ್ಲ. ಸೋತ ಸಿಟ್ಟು ಬೇರೆ, ನಾನೇ ಹೋಗಿ ಕೋಲು ಎಳೆದೆ. ಬರ್ಲಿಲ್ಲ! ಅಷ್ಟು ಭಾರ ಹಾಕಿ ಕೆಸರಿಗೆ ಒತ್ತಿ ಹಿಡಿದಿದ್ದ. ಏನಯ್ಯಾ ನಿಂಗೆ ಬಂದಿರೋದು ಅಂತ ಬೈದೆ. 'ಅವನು ನನ್ನ ಮಗ' ಅಂದ. ಅಷ್ಟೇ. ಆಮೇಲೆ ಇಬ್ಬರೂ ಸೇರಿ ಕಿತ್ತೆವು."

ಟ್ರೆಂಟ್ ಗಸ್‌ನನ್ನು ನೋಡಿದ. "ನಿಮಗೆ ಗೊತ್ತಿತ್ತಾ?"

"ನಾನು ಹೇಳ್ತೀನಿ ಅಂದೆ ಕಣೋ. ಬೇಡ ಅಂದ. ಒಂದಿನ ಮೈದಾನಕ್ಕೆ ಬಂದೇ ಬರ್ತಾನೆ, ಆಗ ನಾನೇ ಹೇಳ್ತೀನಿ ಅಂತಿದ್ದ."

ನೆಲಮಾಳಿಗೆಯ ತುಂಬ ಚಮಚಗಳ ಸದ್ದು. ಟ್ರೆಂಟ್ ಬದಿಗೆ ಸರಿಸಿದ್ದ ಆಲೂಗಡ್ಡೆಯನ್ನು ತಿಂದು ಮುಗಿಸಿದ. ಆಮೇಲೆ, "ಎಷ್ಟು ಹೊತ್ತಿಗೆ ಪಂದ್ಯ?" ಎಂದು ಕೇಳಿದ.

•

ಆಟ ಮುಗಿಯುತ್ತ ಬಂದಿತ್ತು. ಹಸಿರು ತಂಡ ಸ್ವಲ್ಪದರಲ್ಲಿ ಹಿಂದಿತ್ತು. ಈ ಸಲ ಹತ್ತು ಗಜ ತುಂಬಿದ್ದರೆ ಗೆಲ್ಲುವ ಆಸೆ ಇನ್ನೂ ಉಂಟು, ಇಲ್ಲದಿದ್ದರೆ ಸೀಸನ್ ಅಲ್ಲಿಗೇ ಮುಗಿಯಿತು. ಚೆಂಡು ನಿಂತ ಜಾಗ ನೋಡಿ ಹೇಳುವಂತಿರಲಿಲ್ಲ. ರೆಫರಿ ಅಳೆಯಲು ಕರೆದ.

ಗಸ್, ಟ್ರೆಂಟ್ ಸರಪಳಿ ಹಿಡಿದು ಮೈದಾನದ ನಡುವಿಗೆ ಓಡಿದರು. ಗಸ್ ಹಿಂದಿನ ಕೋಲನ್ನು ಊರಿದ. ಟ್ರೆಂಟ್ ಚೆಂಡಿನ ಪಕ್ಕ ಬಂದು ನಿಂತ. ಸರಪಳಿ ತುಸು ಸಡಿಲವಾಗಿದ್ದರೆ ಸಾಕು, ಹತ್ತು ಗಜ ತುಂಬಿದಂತೆಯೇ. ಜನರೆಲ್ಲ ಸುಮ್ಮನಾದರು.

ಆ ಮೌನದಲ್ಲಿ, ಪ್ರೇಕ್ಷಕರ ಮೇಲಿನ ಸಾಲಿನಲ್ಲಿ, ಕರಿ ಕೋಟಿನ ಹೆಂಗಸೊಬ್ಬಳು ಎದ್ದು ನಿಂತಳು.

"ಎಲ್ಡನ್! ಅಷ್ಟು ಬಿಗಿಯಾಗಿ ಎಳೀಬೇಡ್ವೋ!"

ಸುತ್ತಲಿನವರು ತಿರುಗಿ ನೋಡಿದರು. ವರ್ನಾ ಕೈ ಮುಂದೆ ಚಾಚಿಕೊಂಡು ಹಾಗೆಯೇ ನಿಂತಿದ್ದಳು. ಕುಳಿತುಕೋ ಎಂದು ಯಾರೂ ಹೇಳಲಿಲ್ಲ.

ಟ್ರೆಂಟ್ ತಲೆಯೆತ್ತಲಿಲ್ಲ. ಸರಪಳಿ ಹುಲ್ಲು ಬಿಟ್ಟು ಮೇಲೆದ್ದು ನೆಟ್ಟಗಾಗುವವರೆಗೂ ಎಳೆದು ಕೋಲನ್ನು ಊರಿದ. ಚೆಂಡಿನ ಮೂತಿ ಕೋಲಿಗಿಂತ ಒಂದು ಹಿಡಿ ಹುಲ್ಲಿನಷ್ಟು ಹಿಂದೆಯೇ ಉಳಿದಿತ್ತು.