ಸೊಸೆಯ ಎಂಟು ಪಾಯಿಂಟು

ಬಸ್ ಡಿಪೋದ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದವಳು ವರ್ಕ್‌ಶಾಪಿನ ಮೇಸ್ತ್ರಿ. ತಂಡದ ಬಹುಪಾಲು ಪಾಯಿಂಟುಗಳನ್ನು ಗಳಿಸುತ್ತಿದ್ದವಳು ಅವಳ ಸ್ವಂತ ಸೊಸೆ. ಆರಡಿಗೆ ಎರಡೇ ಬೆರಳು ಕಡಿಮೆಯಿದ್ದ ಈ ಡ್ರೈವರನ್ನು ಡಿಪೋದವರು ಕೊಕ್ಕರೆ ಎಂದೇ ಕರೆಯುತ್ತಿದ್ದರು. ಮಗ ಅವಳನ್ನು ಮೊದಲ ಸಲ ಮನೆಗೆ ಕರೆತಂದಾಗ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: ಎಡಗೈಯಲ್ಲೂ ಬಾಲ್ ಹಾಕುತ್ತೀಯಾ ಎಂದು.

ಕಾರ್ಮಿಕರ ಪಂದ್ಯಾವಳಿಯಲ್ಲಿ ಸತತ ಮೂರು ವರ್ಷವೂ ಅವರು ಸೆಮಿಫೈನಲ್‌ನಲ್ಲಿ ಮುಗ್ಗರಿಸಿದ್ದರು. ತಂಡದ ಐವತ್ತು ಪಾಯಿಂಟಿನಲ್ಲಿ ನಲವತ್ತು ಕೊಕ್ಕರೆಯದು. ಎದುರಾಳಿಗಳು ಅವಳ ಮೇಲೆ ಇಬ್ಬರನ್ನು ಬಿಟ್ಟರೆ ಆಟ ಮುಗಿದಂತೆ. ಉಳಿದ ನಾಲ್ವರು ಬಾಲನ್ನು ಅವಳ ಕಡೆ ಎಸೆದು ಕೈತೊಳೆದುಕೊಳ್ಳುತ್ತಿದ್ದರು.

ನಾಲ್ಕನೆಯ ವರ್ಷ ಮೇಸ್ತ್ರಿ ಹೊಸ ಕಟ್ಟಳೆ ತಂದಳು. ಪ್ರಾಕ್ಟೀಸಿನಲ್ಲಿ ಕೊಕ್ಕರೆ ಬುಟ್ಟಿಗೆ ಬಾಲ್ ಹಾಕುವಂತಿಲ್ಲ, ಬೇರೆಯವರಿಗೆ ಕೊಡಬೇಕು, ಅಷ್ಟೆ. ಡಿಪೋ ಮ್ಯಾನೇಜರ್ ಮೇಸ್ತ್ರಿಯನ್ನು ಕರೆಸಿ, ಇರುವ ಒಂದು ಚಿನ್ನದಂಥ ಕೈಯನ್ನು ಕಟ್ಟಿಹಾಕುತ್ತೀಯಲ್ಲ, ನಿನಗೇನು ತಲೆ ಕೆಟ್ಟಿದೆಯೇ ಎಂದು ಕೇಳಿದರು.

"ನಾಲ್ಕು ಜನ ಆಡ್ತಾನೇ ಇಲ್ಲ ಸಾರ್, ನಿಂತು ನೋಡ್ತಿದಾರೆ," ಎಂದಳು ಮೇಸ್ತ್ರಿ. "ನೋಡೋಕೆ ಅಂತ ಬೆಂಚ್ ಇದೆಯಲ್ಲ."

ಮನೆಯಲ್ಲಿ ಸೊಸೆ ಮುಖ ಊದಿಸಿಕೊಂಡಳು. ಒಂದು ವಾರ ಅತ್ತೆ ಸೊಸೆಯರ ಮಾತೆಲ್ಲ ನಡುವೆ ಕೂತ ಮಗನ ಮೂಲಕವೇ ನಡೆಯಿತು. ಸಾರಿಗೆ ಉಪ್ಪು ಸಾಕಾ ಎಂದು ಅತ್ತೆ ಅವನನ್ನು ಕೇಳುವಳು. ಸಾಕು ಎಂದು ಸೊಸೆ ಅವನಿಗೆ ಹೇಳುವಳು. ಎಂಟನೆಯ ದಿನ ಬಟ್ಟೆ ಒಣಹಾಕುವಾಗ ಸೊಸೆಗೆ ತಡೆಯಲಾಗಲಿಲ್ಲ.

"ಅತ್ತೆ, ನಾನು ಹಾಕ್ತಿರೋದು ನಿಮಗೆ ಸಾಲದಾ?"

"ಸಾಲದು ಅಂತಲ್ಲ ಕಣೇ. ನೀನೊಬ್ಬಳೇ ಒದ್ದಾಡೋದು ನೋಡೋಕಾಗಲ್ಲ. ಸೋತು ಬಂದಾಗೆಲ್ಲ ನಿನ್ನ ಮೊಣಕಾಲಿಗೆ ಐಸ್ ಇಡೋಳು ನಾನೇ ತಾನೆ?" ಮೇಸ್ತ್ರಿ ಒದ್ದೆ ಅಂಗಿಯೊಂದನ್ನು ಕೊಡವಿದಳು. "ಆ ಚಿಲ್ಲರೆಗೆ ಸ್ವಲ್ಪ ಹೇಳಿಕೊಡು. ನಾನು ಹೇಳಿದ್ರೆ ಬೈತಿದೀನಿ ಅಂದ್ಕೋತಾಳೆ."

ಚಿಲ್ಲರೆ ಎಂದರೆ ಟಿಕೆಟ್ ಕೌಂಟರಿನ ಗುಮಾಸ್ತೆ. ಆಳೂ ಚಿಕ್ಕವಳು, ಕೆಲಸವೂ ದಿನವಿಡೀ ಚಿಲ್ಲರೆ ಕೊಡುವುದು. ಹೆಸರು ತಾನಾಗಿಯೇ ಅಂಟಿಕೊಂಡಿತ್ತು. ಬಾಲ್ ಎಸೆಯುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕೊಕ್ಕರೆ ಒಲ್ಲದ ಮನಸ್ಸಿನಿಂದಲೇ, ಬಸ್ ತೊಳೆಯುವ ಶೆಡ್ಡಿನ ಹಿಂದಿನ ಕೋರ್ಟಿನಲ್ಲಿ, ಊಟದ ಬಿಡುವಿನ ಇಪ್ಪತ್ತು ನಿಮಿಷ ಕಲಿಸಲು ನಿಂತಳು. ಮೊದಲ ವಾರ ಬಾಲ್ ಬುಟ್ಟಿಯ ತನಕ ಏರಲೇ ಇಲ್ಲ. ಆದರೆ ಚಿಲ್ಲರೆಯ ಬೆರಳುಗಳು ಚುರುಕಾಗಿದ್ದವು. ಎಲ್ಲೆಲ್ಲೋ ನಿಲ್ಲಿಸಿ ನೋಡಿದ ಮೇಲೆ ಎಡಮೂಲೆಯ ಒಂದು ಜಾಗ ಅವಳ ಕೈಗೆ ಒಗ್ಗಿತು. ಕಣ್ಣು ಬಿಟ್ಟುಕೊಂಡು ಎಸೆದ ಬಾಲ್ ಬುಟ್ಟಿಯ ಕಬ್ಬಿಣದ ಬಳೆಯನ್ನೂ ಮುಟ್ಟದೆ ಒಳಗೆ ಇಳಿದ ದಿನ ಕೊಕ್ಕರೆ ಅವಳನ್ನು ಎತ್ತಿ ಕುಣಿದಳು. ಅಂದು ಕೊಕ್ಕರೆಯ ಬಸ್ಸು ಮೂರು ನಿಮಿಷ ತಡವಾಗಿ ಹೊರಟಿತು. ಅವಳ ಸರ್ವೀಸಿನಲ್ಲಿ ಅದೇ ಮೊದಲು.

ಆಮೇಲೆ ಕೊಕ್ಕರೆಯ ಕಲಿಸುವ ಹುರುಪನ್ನು ತಡೆಯುವವರೇ ಇರಲಿಲ್ಲ. ಉದ್ದದ ಬ್ರಷ್ ಹಿಡಿದು ಬಸ್ಸಿನ ನೆತ್ತಿ ಉಜ್ಜಿ ಉಜ್ಜಿ ಭುಜ ಗಟ್ಟಿಯಾಗಿದ್ದ ತಂಡದ ಇನ್ನೊಬ್ಬಳಿಗೆ, ಬಸ್ ತೊಳೆಯುವವಳಿಗೆ, ಬುಟ್ಟಿಗೆ ಬಡಿದು ಹಾರಿದ ಬಾಲನ್ನು ಕಸಿದು ಮತ್ತೆ ಹಾಕುವುದನ್ನೂ ಅವಳೇ ಕಲಿಸಿದಳು.

ಆ ವರ್ಷ ಸೆಮಿಫೈನಲ್ ದಾಟಿದರು. ಫೈನಲ್‌ನಲ್ಲಿ ಆಸ್ಪತ್ರೆಯ ನರ್ಸ್‌ಗಳ ತಂಡ. ಎಣಿಸಿದಂತೆಯೇ ಇಬ್ಬರು ಕೊಕ್ಕರೆಗೆ ಅಂಟಿಕೊಂಡರು. ಅವರನ್ನು ಎಳೆದುಕೊಂಡು ಅವಳು ಒಂದು ಕಡೆ ಓಡುವಳು, ಬಾಲ್ ಇನ್ನೊಂದು ಕಡೆ ಹೋಗುವುದು. ತೊಳೆಯುವವಳು ಒಂದರ ಹಿಂದೊಂದು ಹಾಕುತ್ತಲೇ ಇದ್ದಳು. ಕೊನೆಗೆ ನಾಲ್ಕು ನಿಮಿಷ ಉಳಿದು ಪಾಯಿಂಟು ಸಮವಾಗಿದ್ದಾಗ ಕೊಕ್ಕರೆಯ ಐದನೆಯ ಫೌಲ್ ಆಯಿತು. ಐದಾದರೆ ಆಟದಿಂದ ಹೊರಗೆ ಎಂಬ ನಿಯಮದಂತೆ ಅವಳು ಹೊರಗೆ ಬರಲೇಬೇಕಾಯಿತು. ಗ್ಯಾಲರಿಯಲ್ಲಿ ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತರು.

ಮೇಸ್ತ್ರಿ ಬೆಂಚಿನಲ್ಲಿದ್ದ ಕಂಡಕ್ಟರ್ ಒಬ್ಬಳನ್ನು ಒಳಗೆ ಕಳಿಸಿ ಎಲ್ಲರಿಗೂ ಹೇಳಿದಳು: "ಈಗ ಯಾರನ್ನೂ ಹುಡುಕಬೇಡಿ. ಯಾರ ಮುಂದೆ ಜಾಗ ಇದೆಯೋ ಅವಳೇ ಹಾಕ್ಲಿ."

ಮೂವತ್ತು ಸೆಕೆಂಡ್ ಇದ್ದಾಗ ಡಿಪೋ ಒಂದು ಪಾಯಿಂಟ್ ಹಿಂದಿತ್ತು. ಬಾಲ್ ಕೈಯಿಂದ ಕೈಗೆ ಸುತ್ತಿ ಎಡಮೂಲೆಯ ಚಿಲ್ಲರೆಗೆ ಬಂತು. ಬೆಂಚಿನ ಮೇಲಿದ್ದ ಕೊಕ್ಕರೆ ತನಗರಿವಿಲ್ಲದೆಯೇ ಎದ್ದು, ತಾನೇ ಎಸೆಯುವಂತೆ ಬರಿಗೈ ಎತ್ತಿ ಮಣಿಕಟ್ಟು ಬಾಗಿಸಿದಳು. ಬಾಲ್ ಬಳೆಯ ಮೇಲೆ ಒಂದು ಸುತ್ತು ಹಾಕಿ ಒಳಗೆ ಬಿತ್ತು. ನರ್ಸ್‌ಗಳ ಕೊನೆಯ ಎಸೆತ ಗುರಿ ತಪ್ಪಿತು. ಚಿಲ್ಲರೆ ಅಳುತ್ತ ಓಡಿಬಂದು ಕೊಕ್ಕರೆಯ ಎದೆಗೆ ಬಿದ್ದಳು.

ಗೆದ್ದ ತಂಡದ ಅತ್ಯುತ್ತಮ ಆಟಗಾರ್ತಿಯ ಹೆಸರನ್ನು ಕೋಚ್ ಹೇಳುವುದು ಅಲ್ಲಿನ ರೂಢಿ. ಹತ್ತೊಂಬತ್ತು ಪಾಯಿಂಟು ಹಾಕಿದ ತೊಳೆಯುವವಳದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಮೇಸ್ತ್ರಿ ಸೊಸೆಯ ಹೆಸರು ಹೇಳಿದಳು. ಮೈಕ್ ಹಿಡಿದವರು ತಪ್ಪು ಕೇಳಿಸಿತೇನೋ ಎಂದು, ಆಕೆಯದು ಎಂಟೇ ಅಲ್ಲವೇ ಎಂದರು.

"ಎಂಟೇ," ಎಂದಳು ಮೇಸ್ತ್ರಿ. "ಮನೆಯವಳು ಅಂತ ಹೇಳ್ತಿಲ್ಲ. ಬೇಕಾದ್ರೆ ಇವರನ್ನೇ ಕೇಳಿ."

ಕೇಳಬೇಕಾಗಲಿಲ್ಲ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ತೊಳೆಯುವವಳೇ.

ಮನೆಗೆ ಮರಳುವಾಗ ಅತ್ತೆ ಸೊಸೆ ಇಬ್ಬರೂ ಪ್ರಯಾಣಿಕರಾಗಿ ಬಸ್ ಹತ್ತಿದರು. ಮುಂದಿನ ಸೀಟಿನ ಹೆಂಗಸು ಕಪ್ ನೋಡಿ ಏನೆಂದು ಕೇಳಿದ್ದೇ ನೆಪವಾಯಿತು. ಇವಳು ನನ್ನ ಸೊಸೆ ಎಂದು ಶುರುಮಾಡಿದ ಮೇಸ್ತ್ರಿ, ಎರಡು ತಿಂಗಳು ಊಟದ ಬಿಡುವಿನಲ್ಲಿ ಅವಳು ಕಲಿಸಿದ ಕಥೆಯನ್ನೆಲ್ಲ ಕೈ ತಿರುಗಿಸಿ ತಿರುಗಿಸಿ ಹೇಳತೊಡಗಿದಳು. ತಾವು ಇಳಿಯಬೇಕಾದ ಸ್ಟಾಪ್ ದಾಟಿಹೋದದ್ದು ಸೊಸೆಗೆ ಗೊತ್ತಾಯಿತು. ಅತ್ತೆಯ ಮಾತು ಮುಗಿಯಲಿ ಎಂದು ಅವಳು ಸುಮ್ಮನೆ ಕೂತಿದ್ದಳು.